ದವಡೆ ನೋವು ಮತ್ತು ಹಲ್ಲು ಕಡಿಯುವಿಕೆ

ಕಿವಿಯ ಮುಂದಿರುವ ದವಡೆಯ ಕೀಲಿನಲ್ಲಾಗಲಿ, ಆ ಕೀಲನ್ನು ಆಡಿಸುವ ಸ್ನಾಯುಗಳಲ್ಲಾಗಲಿ ಹುಟ್ಟುವ ನೋವನ್ನು ದವಡೆ ನೋವು ಎನ್ನುತ್ತೇವೆ. ಅರಿವಿಲ್ಲದೆ ಹಲ್ಲಿಗೆ ಹಲ್ಲು ಮಸೆಯುವುದು, ಹಲ್ಲು ಕಚ್ಚಿ ಹಿಡಿಯುವುದು ಹಲ್ಲು ಕಡಿಯುವಿಕೆ. ವೈದ್ಯರ ಮಾತಿನಲ್ಲಿ ಬ್ರಕ್ಸಿಸಂ. ಎರಡೂ ಒಬ್ಬರಲ್ಲೇ ಕಾಣಿಸಿಕೊಳ್ಳುವುದು ಉಂಟು. ಆದರೆ ಒಂದಿದ್ದರೆ ಇನ್ನೊಂದು ಇರಲೇಬೇಕೆಂದಿಲ್ಲ. ರಾತ್ರಿಯೆಲ್ಲ ಕರಕರ ಹಲ್ಲು ಕಡಿದು ದವಡೆಹಲ್ಲುಗಳನ್ನು ಚಪ್ಪಟೆ ಮಾಡಿಕೊಂಡವರು ಒಂದು ದಿನವೂ ನೋವು ಕಾಣದೆ ಇರಬಹುದು. ಹಲ್ಲು ಸ್ವಲ್ಪವೂ ಸವೆಯದವರು ತಿಂಗಳುಗಟ್ಟಲೆ ಬಾಯಿ ತೆರೆಯಲು ಕಷ್ಟಪಡಬಹುದು. ಈ ನೋವುಗಳಲ್ಲಿ ಬಹುಪಾಲು ಸ್ನಾಯುವಿನದು. ವಿಶ್ರಾಂತಿ, ಶಾಖ, ವ್ಯಾಯಾಮ, ಅಭ್ಯಾಸದ ಬದಲಾವಣೆ ಇಷ್ಟರಿಂದಲೇ ಹೆಚ್ಚಿನವು ಇಳಿಯುತ್ತವೆ. ಹಲ್ಲು ಉಜ್ಜಿ ಸಮ ಮಾಡುವುದು, ಕೀಲು ಕತ್ತರಿಸುವುದು ಮುಂತಾದ ಹಿಂತಿರುಗಿಸಲಾಗದ ಚಿಕಿತ್ಸೆಗೆ ಅವಸರಪಟ್ಟವರು ಅನೇಕ ಸಲ ಇದ್ದ ನೋವಿನ ಮೇಲೆ ಹೊಸ ನೋವು ತಂದುಕೊಂಡಿದ್ದಾರೆ. ಇದು ಈ ವಿಷಯದ ನೂರು ವರ್ಷಗಳ ಚರಿತ್ರೆಯಿಂದಲೇ ತಿಳಿಯುತ್ತದೆ.

ಕೀಲು ಮತ್ತು ಸ್ನಾಯು

ಕೆಳದವಡೆಯ ಮೂಳೆ ಎರಡೂ ಕಡೆ ಮೇಲಕ್ಕೆ ಚಾಚಿ, ಗುಂಡಾದ ತಲೆಯಾಗಿ, ತಲೆಬುರುಡೆಯ ಟೆಂಪೊರಲ್ ಮೂಳೆಯ ಕುಳಿಯಲ್ಲಿ ಕೂರುತ್ತದೆ. ನಡುವೆ ನಾರಿನಂಥ ಅಂಗಾಂಶದ ತೆಳುಬಿಲ್ಲೆ ಇದೆ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿದರೆ ಈ ತಲೆ ಬೆರಳಡಿಯಲ್ಲಿ ಸರಿದಾಡುವುದು ತಿಳಿಯುತ್ತದೆ. ಬಾಯಿ ಮೊದಲ 2 ಸೆಂಟಿಮೀಟರಿನಷ್ಟು ತೆರೆಯುವವರೆಗೆ ಆ ತಲೆ ಕುಳಿಯೊಳಗೇ ತಿರುಗುತ್ತದೆ; ಆಮೇಲೆ ಬಿಲ್ಲೆಯ ಸಮೇತ ಮುಂದಕ್ಕೆ ಜಾರುತ್ತದೆ. ಒಂದೇ ಕೀಲು ತಿರುಗುವುದನ್ನೂ ಜಾರುವುದನ್ನೂ ಮಾಡುತ್ತದೆ, ಅಷ್ಟೇ ಅಲ್ಲ, ಎಡಗಡೆಯದು ಆಡಿದರೆ ಬಲಗಡೆಯದೂ ಆಡಲೇಬೇಕು. ಒಂದು ಕಡೆಯ ನೋವಿಗೆ ಇನ್ನೊಂದು ಕಡೆ ಹೆಚ್ಚು ಅಗಿಯುತ್ತಿದ್ದವರಲ್ಲಿ ಆ ಕಡೆಯೂ ನೋಯತೊಡಗುವುದು ಇದರಿಂದಲೇ.

ದವಡೆ ಮುಚ್ಚುವ ಮುಖ್ಯ ಸ್ನಾಯುಗಳಲ್ಲಿ ಎರಡನ್ನು ಯಾರು ಬೇಕಾದರೂ ಮುಟ್ಟಿ ನೋಡಬಹುದು. ಹಲ್ಲು ಬಿಗಿಯಾಗಿ ಕಚ್ಚಿದಾಗ ಕೆನ್ನೆಯ ಹಿಂಭಾಗದಲ್ಲಿ ಗಟ್ಟಿಯಾಗಿ ಉಬ್ಬುವುದು ಮ್ಯಾಸಿಟರ್. ಕಣತಲೆಯ ಮೇಲೆ ಬೀಸಣಿಗೆಯಂತೆ ಹರಡಿರುವುದು ಟೆಂಪೊರಾಲಿಸ್. ಒಳಗಡೆ ಎರಡು ಟೆರಿಗಾಯ್ಡ್ ಸ್ನಾಯುಗಳಿವೆ. ಅವುಗಳಲ್ಲಿ ಒಂದು ದವಡೆಯನ್ನು ಮುಂದಕ್ಕೂ ಪಕ್ಕಕ್ಕೂ ಎಳೆಯುತ್ತದೆ. ಇವೆಲ್ಲಕ್ಕೂ ಐದನೆಯ ಕಪಾಲ ನರವಾದ ಟ್ರೈಜೆಮಿನಲ್‌ನ ಕೆಳಕೊಂಬೆಯೇ ಆಧಾರ. ಅದೇ ನರ ಹಲ್ಲು, ಒಸಡು, ಕೆನ್ನೆ, ಕಿವಿಯ ಮುಂಭಾಗ ಎಲ್ಲದರ ಸುದ್ದಿಯನ್ನೂ ಮಿದುಳಿಗೆ ಒಯ್ಯುವುದರಿಂದ ಮೂಲ ಎಲ್ಲಿದೆ ಎಂಬುದು ಗೊಂದಲವಾಗುತ್ತದೆ. ಮ್ಯಾಸಿಟರ್ ಬಿಗಿದುಕೊಂಡರೆ ದವಡೆಹಲ್ಲು ನೋಯುವಂತೆ ಅನಿಸುತ್ತದೆ, ಟೆಂಪೊರಾಲಿಸ್ ಬಿಗಿದರೆ ತಲೆನೋವು ಎನಿಸುತ್ತದೆ, ಕೀಲು ಕೆರಳಿದರೆ ಕಿವಿನೋವು ಎಂದು ತೋರುತ್ತದೆ. ಕಿವಿಯಲ್ಲಿ ಏನೂ ಕಾಣದೆ ಕಿವಿ ವೈದ್ಯರು ದಂತವೈದ್ಯರ ಬಳಿ ಕಳಿಸುವುದು, ಒಳ್ಳೆಯ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿಕೊಂಡ ಮೇಲೂ ನೋವು ಉಳಿಯುವುದು ಈ ದಾರಿಯಲ್ಲೇ ಆಗುತ್ತದೆ.

ನೋವಿನ ಬಗೆಗಳು

ಸ್ನಾಯುವಿನ ನೋವು ಮಂದವಾಗಿ, ಬಿಗಿತದಂತೆ ಇರುತ್ತದೆ. ಬೆಳಗ್ಗೆ ಎದ್ದಾಗ ಹೆಚ್ಚಿದ್ದರೆ ರಾತ್ರಿಯ ಕಚ್ಚುವಿಕೆಯನ್ನೂ ಸಂಜೆ ಹೊತ್ತಿಗೆ ಹೆಚ್ಚಿದರೆ ಹಗಲಿನ ಬಿಗಿಹಿಡಿತವನ್ನೂ ಅನುಮಾನಿಸಬೇಕು. ಕೀಲಿನ ನೋವು ಕಿವಿಯ ಮುಂದೆ ಒಂದೇ ಜಾಗದಲ್ಲಿ, ಅಗಿಯುವಾಗ ಚುಚ್ಚಿದಂತೆ ಬರುತ್ತದೆ. ಬಾಯಿ ತೆರೆಯುವಾಗ ಟಕ್ ಎಂಬ ಸದ್ದು ಬಂದರೆ ಬಿಲ್ಲೆ ಮುಂದಕ್ಕೆ ಜಾರಿ ಮತ್ತೆ ಸ್ಥಾನಕ್ಕೆ ಕೂರುತ್ತಿದೆ ಎಂದರ್ಥ. ನೋವಿಲ್ಲದ ಟಕ್ ಸದ್ದು ತುಂಬ ಜನರಲ್ಲಿದೆ, ಅದಕ್ಕೆ ಚಿಕಿತ್ಸೆ ಬೇಕಿಲ್ಲ. ಇಷ್ಟು ದಿನ ಇದ್ದ ಸದ್ದು ಒಮ್ಮೆಗೇ ನಿಂತು, ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯದೆ ಹೋದರೆ ಬಿಲ್ಲೆ ಮುಂದೆಯೇ ಸಿಕ್ಕಿಕೊಂಡಿರಬಹುದು. ಇದೂ ಕೆಲವು ತಿಂಗಳಲ್ಲಿ ತಾನಾಗಿ ಸಡಿಲವಾಗುವುದುಂಟು, ಆದರೂ ತೋರಿಸಿಕೊಳ್ಳಬೇಕು. ಗರಗರ ಸದ್ದು, ಮರಳು ತುಳಿದಂಥ ಅನುಭವ ಇದ್ದರೆ ಕೀಲು ಸವೆದಿರುವ ಸಂಭವವಿದೆ. ಆಮವಾತ ಇರುವವರಲ್ಲಿ ದವಡೆ ಕೀಲೂ ಊದಿಕೊಳ್ಳಬಹುದು.

ಆರೋಗ್ಯವಂತ ವಯಸ್ಕರ ಬಾಯಿ ಸಾಮಾನ್ಯವಾಗಿ 40 ಮಿಲಿಮೀಟರಿಗಿಂತ ಹೆಚ್ಚು ತೆರೆಯುತ್ತದೆ. ಅಳತೆಪಟ್ಟಿ ಬೇಕಿಲ್ಲ: ತನ್ನದೇ ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಒಂದರ ಮೇಲೊಂದಾಗಿ ಮೇಲಿನ ಕೆಳಗಿನ ಬಾಚಿಹಲ್ಲುಗಳ ನಡುವೆ ಇಡಲು ಬಂದರೆ ಸಾಕು.

ಆಕಳಿಸುವಾಗ ಅಥವಾ ಹಲ್ಲು ಕೀಳಿಸಿಕೊಳ್ಳುವಾಗ ದವಡೆ ತಪ್ಪಿ ಬಾಯಿ ಮುಚ್ಚಲಾಗದೆ ನಿಂತುಬಿಡುವುದು ಬೇರೆ ಸಂಗತಿ. ಹೆಬ್ಬೆರಳುಗಳನ್ನು ಕೆಳದವಡೆಯ ಹಲ್ಲುಗಳ ಮೇಲಿಟ್ಟು ಕೆಳಕ್ಕೂ ಹಿಂದಕ್ಕೂ ಒತ್ತಿ ಕೂರಿಸುವ ವಿಧಾನ ಈಜಿಪ್ಟಿನ ಎಡ್ವಿನ್ ಸ್ಮಿತ್ ಪಪೈರಸ್‌ನಲ್ಲೂ ಹಿಪೊಕ್ರೆಟಿಸನ ಬರಹಗಳಲ್ಲೂ ಇದೆ, ಇಂದಿಗೂ ಅದರ ಸುಧಾರಿತ ರೂಪವೇ ಬಳಕೆಯಲ್ಲಿದೆ. ಆಯುರ್ವೇದ ಗ್ರಂಥಗಳು ಹನುಗ್ರಹ, ಹನುಮೋಕ್ಷ ಎಂದು ದವಡೆ ಬಿಗಿಯುವುದನ್ನೂ ಕಳಚುವುದನ್ನೂ ಬೇರೆಬೇರೆಯಾಗಿ ಹೆಸರಿಸಿವೆ. ಮನೆಯವರು ಬಲಪ್ರಯೋಗ ಮಾಡದೆ ಆಸ್ಪತ್ರೆಗೆ ಕರೆದೊಯ್ಯುವುದೇ ಸರಿ.

ದವಡೆ ನೋವೆಂದು ತೋರುವ ಬೇರೆ ಕಾಯಿಲೆಗಳು

ಹುಳುಕು ಹಲ್ಲು, ಅರ್ಧ ಹುಟ್ಟಿದ ಬುದ್ಧಿಹಲ್ಲಿನ ಸುತ್ತ ಕೀವು, ಮಂಗನಬಾವು, ಲಾಲಾಗ್ರಂಥಿಯ ಕಲ್ಲು ಇವು ಸಾಮಾನ್ಯ. ಮುಖ ತೊಳೆಯುವಾಗ, ಗಾಳಿ ಸೋಕಿದಾಗ ಮಿಂಚು ಹೊಡೆದಂತೆ ಕ್ಷಣಮಾತ್ರ ಬಂದು ಹೋಗುವ ನೋವು ಟ್ರೈಜೆಮಿನಲ್ ನರಶೂಲೆಯದಾಗಿರಬಹುದು. ಅದರ ಮದ್ದು ಬೇರೆಯೇ. ಗಾಯವಾದ ಕೆಲವು ದಿನಗಳ ಮೇಲೆ ದವಡೆ ಸೆಟೆದು ಬಾಯಿ ಬಿಗಿದರೆ ಅದು ಧನುರ್ವಾಯುವಿನ ಮೊದಲ ಲಕ್ಷಣ.

ಮೂರನ್ನು ಮಾತ್ರ ಎಂದೂ ಮರೆಯಬಾರದು. ನಡೆಯುವಾಗ ಅಥವಾ ಮೆಟ್ಟಿಲೇರುವಾಗ ದವಡೆ ಹಿಂಡಿದಂತೆ ನೊಂದು, ಜೊತೆಗೆ ಬೆವರು, ಎದೆಭಾರ, ಉಸಿರುಗಟ್ಟುವಿಕೆ ಇದ್ದರೆ ಅದು ಹೃದಯದ ನೋವು. ಮಹಿಳೆಯರಲ್ಲೂ ಸಕ್ಕರೆ ಕಾಯಿಲೆಯವರಲ್ಲೂ ಎದೆನೋವು ಸ್ಪಷ್ಟವಾಗಿರದೆ ಹೀಗೆ ಬರುವುದುಂಟು. ತಡಮಾಡದೆ 108ಕ್ಕೆ ಕರೆ ಮಾಡಬೇಕು. 50 ದಾಟಿದವರಿಗೆ ಹೊಸದಾಗಿ, ಊಟ ಅಗಿಯತೊಡಗಿದ ಕೂಡಲೆ ದವಡೆ ಸೋತು ನೊಂದು, ಬಿಟ್ಟರೆ ನಿಂತು, ಕಣತಲೆ ಮುಟ್ಟಿದರೆ ನೋಯುವಂತಿದ್ದರೆ ರಕ್ತನಾಳದ ಉರಿಯೂತ ಇರಬಹುದು. ಚಿಕಿತ್ಸೆ ತಡವಾದರೆ ದೃಷ್ಟಿಯೇ ಹೋಗುವ ಅಪಾಯವಿದೆ.

ಮೂರನೆಯದು ನಮ್ಮ ನಾಡಿಗೆ ತೀರ ಹತ್ತಿರದ್ದು. ಅಡಿಕೆ, ಗುಟ್ಕಾ, ಪಾನ್ ಮಸಾಲ ಅಗಿಯುವವರ ಬಾಯಿಯ ಒಳಪದರ ನಿಧಾನವಾಗಿ ಬಿಳಚಿ, ನಾರುಗಟ್ಟಿ, ಗಡುಸಾಗುತ್ತದೆ. ಖಾರ ತಿಂದರೆ ಉರಿ, ಮುಂದೆ ಬಾಯಿ ಎರಡು ಬೆರಳು, ಒಂದು ಬೆರಳಿನಷ್ಟೇ ತೆರೆಯುವ ಹಂತ. 1952ರಲ್ಲಿ ಕೀನ್ಯಾದಲ್ಲಿದ್ದ ಐವರು ಭಾರತೀಯ ಮಹಿಳೆಯರಲ್ಲಿ ಇದನ್ನು ವರ್ಣಿಸಲಾಯಿತು. ಮರುವರ್ಷವೇ ಮುಂಬಯಿಯ ವೈದ್ಯರೊಬ್ಬರು ಇದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಹೆಸರು ಕೊಟ್ಟರು. ಇದು ಕ್ಯಾನ್ಸರಿಗೆ ತಿರುಗಬಹುದಾದ ಸ್ಥಿತಿ. ತಂಬಾಕು ಬೆರೆಸದ ಬರಿಯ ಅಡಿಕೆಯಿಂದಲೂ ಇದು ಬರುತ್ತದೆ. ಕರ್ನಾಟಕದಲ್ಲಿ ಗುಟ್ಕಾ 2013ರಿಂದ ನಿಷೇಧ, ಆದರೆ ಅಡಿಕೆ ನಮ್ಮ ಶಿರಸಿ, ಶಿವಮೊಗ್ಗ, ದಕ್ಷಿಣ ಕನ್ನಡದ ಬದುಕಿನ ಬೆಳೆ, ಅತಿಥಿಯ ಮುಂದಿಡುವ ತಟ್ಟೆಯ ಮರ್ಯಾದೆ. ಹಾಗಾಗಿ ಬಾಯಿ ಚಿಕ್ಕದಾಗಿದೆ ಎಂದು ಬಂದವರನ್ನು ಕೀಲಿನ ರೋಗಿ ಎಂದು ಬಗೆಯುವ ಮುನ್ನ ಅಡಿಕೆಯ ಮಾತು ಕೇಳಿ ಕೆನ್ನೆಯ ಒಳಗೆ ಬೆರಳಾಡಿಸಿ ನೋಡಲೇಬೇಕು. ಅಗಿಯುವುದನ್ನು ಆರಂಭದಲ್ಲೇ ಬಿಟ್ಟರೆ ಕಾಯಿಲೆ ಮುಂದುವರಿಯದಂತೆ ತಡೆಯುವ ಅವಕಾಶ ದೊಡ್ಡದು.

ರಾತ್ರಿ ಮತ್ತು ಹಗಲು

ನಿದ್ದೆಯಲ್ಲಿ ಹಲ್ಲು ಕಡಿಯುವಿಕೆಯನ್ನು ಕೆನಡಾದ ಮಾಂಟ್ರಿಯಲ್‌ನಲ್ಲಿ ಜಿಲ್ ಲವೀನ್ ಮತ್ತು ಸಂಗಡಿಗರು ನಿದ್ರಾ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಅಳೆದು ನೋಡಿದರು. ಅವರು ಕಂಡ ಕ್ರಮ ಹೀಗೆ: ಮೊದಲು ದೇಹವನ್ನು ಎಚ್ಚರಿಸುವ ನರವ್ಯೂಹ ಚುರುಕಾಗುತ್ತದೆ, ಮಿದುಳಿನ ಅಲೆಗಳು ಒಂದೆರಡು ಕ್ಷಣ ಎಚ್ಚರದ ಕಡೆಗೆ ವಾಲುತ್ತವೆ, ಎದೆಬಡಿತ ಏರುತ್ತದೆ, ಆಮೇಲೆ ದವಡೆಯ ಸ್ನಾಯುಗಳು ಸೆಕೆಂಡಿಗೆ ಸುಮಾರು ಒಂದು ಸಲದ ಲಯದಲ್ಲಿ ಬಿಗಿಯುತ್ತವೆ. ಇದು ಹೆಚ್ಚಾಗಿ ನಿದ್ದೆಯ ಹಗುರ ಹಂತಗಳಲ್ಲಿ ನಡೆಯುತ್ತದೆ. ಹಲ್ಲು ಕಡಿಯದವರಲ್ಲೂ ನಿದ್ದೆಯಲ್ಲಿ ದವಡೆ ಹೀಗೆ ಅಗಿಯುವಂತೆ ಆಡುವುದು ಅಪರೂಪವಲ್ಲ. ಕಡಿಯುವವರಲ್ಲಿ ಹೆಚ್ಚು ಸಲ, ಹೆಚ್ಚು ಬಲವಾಗಿ ಆಗುತ್ತದೆ. ಆದ್ದರಿಂದ ಹಲ್ಲು ಸರಿಯಾಗಿ ಕೂರದ್ದೇ ಕಡಿಯಲು ಕಾರಣ ಎಂಬ ಹಳೆಯ ಗ್ರಹಿಕೆ ಈಗ ಬಲ ಕಳೆದುಕೊಂಡಿದೆ. ಕಡಿಯುವ ಆಜ್ಞೆ ಹುಟ್ಟುವುದು ಮಿದುಳಿನಲ್ಲಿ. 2018ರ ಅಂತರರಾಷ್ಟ್ರೀಯ ಒಮ್ಮತದ ಹೇಳಿಕೆ ಇನ್ನೂ ಮುಂದೆ ಹೋಗಿ, ಬೇರೆ ತೊಂದರೆಯಿಲ್ಲದ ವ್ಯಕ್ತಿಯಲ್ಲಿ ಇದನ್ನು ರೋಗವೆಂದೇ ಎಣಿಸಬೇಕಾಗಿಲ್ಲ, ಸ್ನಾಯುಗಳ ಒಂದು ಚಟುವಟಿಕೆ ಎಂದು ನೋಡಬೇಕು ಎಂದಿತು.

ಹಗಲಿನ ಹಲ್ಲು ಕಡಿಯುವಿಕೆಗೆ ಇಷ್ಟು ಗಮನ ಸಿಕ್ಕಿಲ್ಲ, ಆದರೆ ನೋವಿನ ವಿಚಾರದಲ್ಲಿ ಅದೇ ಮುಖ್ಯ ಎಂದು ಈ ಲೇಖನ ಎಣಿಸುತ್ತದೆ. ಇಲ್ಲಿ ಸದ್ದಿಲ್ಲ, ಮಸೆತವಿಲ್ಲ. ಕಂಪ್ಯೂಟರ್ ಮುಂದೆ, ಟ್ರಾಫಿಕ್‌ನಲ್ಲಿ ಸ್ಟಿಯರಿಂಗ್ ಹಿಡಿದಾಗ, ಸೂಜಿಗೆ ದಾರ ಪೋಣಿಸುವಾಗ ಹಲ್ಲುಗಳು ಹಗುರವಾಗಿ ತಾಗಿಕೊಂಡು ತಾಸುಗಟ್ಟಲೆ ಹಾಗೇ ಇರುತ್ತವೆ. ಊಟ ಮಾಡುವಾಗ, ಉಗುಳು ನುಂಗುವಾಗ ಬಿಟ್ಟರೆ ಮೇಲಿನ ಕೆಳಗಿನ ಹಲ್ಲುಗಳು ತಾಗಬೇಕಾದದ್ದೇ ಇಲ್ಲ. ಆರೋಗ್ಯವಂತರಲ್ಲಿ ಇಡೀ ದಿನದ ತಾಗುವಿಕೆ ಕೂಡಿದರೆ ಸುಮಾರು 20 ನಿಮಿಷ ಎಂದು ಲೆಕ್ಕ ಹಾಕಿದ್ದಾರೆ. ನಾಲಿಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು ಮೂಡಿದ್ದರೆ, ಕೆನ್ನೆಯ ಒಳಗೆ ಹಲ್ಲು ಸೇರುವ ಮಟ್ಟದಲ್ಲಿ ಬಿಳಿ ಗೆರೆ ಇದ್ದರೆ, ಕನ್ನಡಿಯಲ್ಲೇ ಒಂದು ಸುಳಿವು ಸಿಕ್ಕಂತೆ.

ಎರಡಕ್ಕೂ ಇಂಬು ಕೊಡುವ ಸಂಗತಿಗಳು ಹಲವು: ಮನಸ್ಸಿನ ಒತ್ತಡ, ಧೂಮಪಾನ, ಮದ್ಯ, ಸಂಜೆಯ ಮೇಲೂ ಕುಡಿಯುವ ಕಾಫಿ, ಮನೆತನದಲ್ಲಿ ಹರಿದುಬಂದ ಒಲವು. ಫ್ಲುಆಕ್ಸೆಟಿನ್, ಸರ್ಟ್ರಲಿನ್‌ಗಳಂಥ ಖಿನ್ನತೆಯ ಮಾತ್ರೆ ಶುರುಮಾಡಿದ ಕೆಲವು ವಾರಗಳಲ್ಲಿ ಹಲ್ಲು ಬಿಗಿತ ಹೊಸದಾಗಿ ಕಾಣಿಸಿಕೊಳ್ಳಬಹುದು. ಆಗ ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ಕೊಟ್ಟ ವೈದ್ಯರಿಗೆ ಹೇಳಿದರೆ ಪ್ರಮಾಣವನ್ನೋ ಮದ್ದನ್ನೋ ಬದಲಿಸಿಕೊಡುತ್ತಾರೆ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ನಿಂತು ಬೆಚ್ಚಿ ಏಳುವುದು, ಹಗಲೆಲ್ಲ ತೂಕಡಿಕೆ ಜೊತೆಗಿದ್ದರೆ ನಿದ್ರಾ ಉಸಿರುಕಟ್ಟಿನ ಪರೀಕ್ಷೆ ಮಾಡಿಸಬೇಕು. ಮೂಲ ಅಲ್ಲಿದ್ದಾಗ ಹಲ್ಲಿನ ಮೇಲೊಂದು ತಟ್ಟೆ ಕೂರಿಸಿ ಸುಮ್ಮನಾಗುವುದು ಸಲ್ಲದು.

ಮಕ್ಕಳು ರಾತ್ರಿ ಹಲ್ಲು ಕಡಿದರೆ ಹೊಟ್ಟೆಯಲ್ಲಿ ಹುಳು ಎಂದು ಅಜ್ಜಿಯರು ಹೇಳುತ್ತ ಬಂದಿದ್ದಾರೆ. ಜಂತುಹುಳುವಿಗೂ ಹಲ್ಲು ಕಡಿಯುವುದಕ್ಕೂ ಸಂಬಂಧವಿದೆ ಎನ್ನಲು ಗಟ್ಟಿ ಆಧಾರವಿಲ್ಲ. ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆಯನ್ನು ರಕ್ತಹೀನತೆ, ಬೆಳವಣಿಗೆಯ ಕಾರಣಕ್ಕಾಗಿ ಕೊಡಿಸಲೇಬೇಕು, ಹಲ್ಲು ಕಡಿಯುವುದು ನಿಲ್ಲಲಿ ಎಂದಲ್ಲ. ಮಕ್ಕಳಲ್ಲಿ ಈ ಅಭ್ಯಾಸ ದೊಡ್ಡವರಿಗಿಂತ ಹೆಚ್ಚು. ಹದಿಹರೆಯದ ಹೊತ್ತಿಗೆ ಬಹುತೇಕ ಕಡಿಮೆಯಾಗುತ್ತದೆ. ಮೂಗು ಕಟ್ಟಿ ಬಾಯಿಯಲ್ಲೇ ಉಸಿರಾಡುವ, ಗೊರಕೆ ಹೊಡೆಯುವ ಮಗುವಾದರೆ ಟಾನ್ಸಿಲ್, ಅಡಿನಾಯ್ಡ್ ದೊಡ್ಡದಾಗಿವೆಯೇ ಎಂದು ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಬೇಕು.

ಬದಲಾದ ತಿಳಿವಳಿಕೆ

1934ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಕಿವಿ ವೈದ್ಯ ಜೇಮ್ಸ್ ಕಾಸ್ಟನ್, ದವಡೆಹಲ್ಲು ಕಳೆದುಕೊಂಡವರಲ್ಲಿ ಕೆಳದವಡೆ ಹಿಂದಕ್ಕೆ ಸರಿದು ಕಿವಿಯ ಭಾಗವನ್ನು ಒತ್ತುವುದೇ ಕಿವಿನೋವು, ತಲೆಸುತ್ತುಗಳಿಗೆ ಕಾರಣ ಎಂದ. ಅವನ ವಿವರಣೆ ನಿಲ್ಲಲಿಲ್ಲ, ಆದರೆ ದವಡೆ ನೋವು ದಂತವೈದ್ಯರ ಕೈಗೆ ಬಂತು. ಅವರು ಸಹಜವಾಗಿ ಹಲ್ಲಿನಲ್ಲೇ ಕಾರಣ ಹುಡುಕಿದರು. 1961ರಲ್ಲಿ ಮಿಷಿಗನ್‌ನ ಸಿಗುರ್ಡ್ ರಾಮ್‌ಫ್ಯೋರ್ಡ್, ಹಲ್ಲು ಕಡಿಯುವುದಕ್ಕೆ ಹಲ್ಲುಗಳ ಎಡವಟ್ಟು ತಾಗುವಿಕೆ ಕಾರಣ ಎಂದು ಬರೆದ ಮೇಲೆ ಹಲ್ಲು ಉಜ್ಜಿ ಸರಿಪಡಿಸುವ ಪದ್ಧತಿ ಹಬ್ಬಿತು. 1969ರಲ್ಲಿ ಡೇನಿಯಲ್ ಲಾಸ್ಕಿನ್ ಗಮನವನ್ನು ಸ್ನಾಯುವಿನ ದಣಿವು, ಒತ್ತಡಗಳ ಕಡೆಗೆ ತಿರುಗಿಸಿದ. 1980ರ ದಶಕದಲ್ಲಿ ಸ್ಕ್ಯಾನ್‌ಗಳಲ್ಲಿ ಬಿಲ್ಲೆ ಕಾಣತೊಡಗಿದ್ದೇ, ಜಾರಿದ ಬಿಲ್ಲೆಯನ್ನು ತೆಗೆದು ಬದಲಿ ಹಾಕುವ ಉತ್ಸಾಹ ಉಕ್ಕಿತು. ಆಗ ಬಳಸಿದ ಟೆಫ್ಲಾನ್ ಲೇಪದ ಒಂದು ಬದಲಿ ಬಿಲ್ಲೆ ಕಚ್ಚುವ ಬಲಕ್ಕೆ ಪುಡಿಯಾಗಿ, ಆ ಕಣಗಳ ವಿರುದ್ಧ ದೇಹ ತಿರುಗಿಬಿದ್ದು, ಸುತ್ತಲಿನ ಮೂಳೆ ಕರಗಿತು. 1990ರ ದಶಕದ ಆರಂಭದಲ್ಲಿ ಅದನ್ನು ಮಾರುಕಟ್ಟೆಯಿಂದ ವಾಪಸು ಪಡೆದರು, ಹಾಕಿಸಿಕೊಂಡಿದ್ದ ಅನೇಕರು ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಗೆ ಒಳಗಾದರು. ದವಡೆ ನೋವಿನ ಚಿಕಿತ್ಸೆಯಲ್ಲಿ ಎಚ್ಚರಿಕೆ ಎಂಬ ಗುಣ ಬಂದದ್ದು ಈ ಜನರ ನೋವಿನಿಂದ. 1992ರಲ್ಲಿ ಸಂಶೋಧನೆಗೆಂದು, 2014ರಲ್ಲಿ ದಿನನಿತ್ಯದ ಚಿಕಿತ್ಸೆಗೂ ಒದಗುವಂತೆ ಸಿದ್ಧವಾದ ರೋಗನಿರ್ಣಯದ ಮಾನದಂಡಗಳು ದವಡೆಯ ಸ್ಥಿತಿಯ ಜೊತೆಗೆ ನೋವು ವ್ಯಕ್ತಿಯ ನಿದ್ದೆ, ಮನಸ್ಸು, ದಿನಚರಿಯನ್ನು ಎಷ್ಟು ಕೆಡಿಸಿದೆ ಎಂಬುದನ್ನೂ ಅಳೆಯುತ್ತವೆ.

ಪರಿಹಾರ

ಮೊದಲು ಬೇಕಾದ್ದು ದವಡೆಗೆ ವಿಶ್ರಾಂತಿಯ ಭಂಗಿ. ತುಟಿ ಕೂಡಿರಲಿ, ಹಲ್ಲು ಬಿಡಿಯಾಗಿರಲಿ, ನಾಲಿಗೆಯ ತುದಿ ಮೇಲಿನ ಬಾಚಿಹಲ್ಲುಗಳ ಹಿಂದೆ, ‘ಲ’ ಎನ್ನುವಾಗ ತಾಗುವ ಜಾಗದಲ್ಲಿ ಮೆತ್ತಗೆ ಕೂತಿರಲಿ. ಕೆನ್ನೆ ತಾನಾಗಿ ಸಡಿಲವಾಗುವುದು ಕೂಡಲೇ ತಿಳಿಯುತ್ತದೆ. ಕಷ್ಟವಿರುವುದು ಇದನ್ನು ದಿನವಿಡೀ ನೆನಪಿಡುವುದರಲ್ಲಿ. ಕಂಪ್ಯೂಟರಿನ ಅಂಚಿಗೆ, ಸ್ಕೂಟರಿನ ಕನ್ನಡಿಗೆ, ಅಡುಗೆಮನೆಯ ಕಪಾಟಿಗೆ ಒಂದು ಬಣ್ಣದ ಚುಕ್ಕಿ ಅಂಟಿಸಿಕೊಂಡು, ಕಣ್ಣಿಗೆ ಬಿದ್ದಾಗಲೆಲ್ಲ ಹಲ್ಲು ತಾಗಿದೆಯೇ ಎಂದು ಗಮನಿಸಿ, ಭುಜ ಇಳಿಸಿ, ಒಂದು ನಿಧಾನದ ಉಸಿರು ಬಿಡುವುದು ಒಳ್ಳೆಯ ಉಪಾಯ. ಕೆಲವು ವಾರ ಹೀಗೆ ಮಾಡಿದವರು ತಮಗೇ ಗೊತ್ತಿಲ್ಲದೆ ಎಷ್ಟು ಸಲ ಕಚ್ಚಿಕೊಂಡಿರುತ್ತಿದ್ದೆವು ಎಂದು ಬೆರಗಾಗುತ್ತಾರೆ.

ನೋವು ಹೆಚ್ಚಿರುವ ಒಂದೆರಡು ವಾರ ಕಡಕ್ ರೊಟ್ಟಿ, ಚಕ್ಕುಲಿ, ಕೋಡುಬಳೆ, ಕಬ್ಬು, ಚೂಯಿಂಗ್ ಗಮ್, ಅಡಿಕೆ ಬೇಡ. ಇಡ್ಲಿ, ಮೊಸರನ್ನ, ಪೊಂಗಲ್, ಗಂಜಿ ಸುಖ. ರಾಗಿಮುದ್ದೆಯನ್ನಂತೂ ಅಗಿಯದೆ ಸಾರಿನಲ್ಲದ್ದಿ ನುಂಗುವುದೇ ನಮ್ಮಲ್ಲಿ ರೂಢಿ, ನೊಂದ ದವಡೆಗೆ ಇದಕ್ಕಿಂತ ಒಳ್ಳೆಯ ಊಟ ಸಿಗಲಾರದು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು ಕೆನ್ನೆಗೂ ಕಣತಲೆಗೂ 15-20 ನಿಮಿಷ ಇಟ್ಟರೆ ಸ್ನಾಯು ಸಡಿಲವಾಗುತ್ತದೆ. ಏಟು ಬಿದ್ದು ಊದಿದ್ದರೆ ಮೊದಲ ಎರಡು ದಿನ ತಣ್ಣನೆಯ ಪಟ್ಟಿ ಲೇಸು. ಆಕಳಿಕೆ ಬಂದಾಗ ಗದ್ದದ ಕೆಳಗೆ ಮುಷ್ಟಿ ಇಟ್ಟು ತಡೆಯಬೇಕು. ಬೋರಲು ಮಲಗುವುದು, ಗದ್ದಕ್ಕೆ ಕೈ ಕೊಟ್ಟು ಕೂರುವುದು, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಳ್ಳುವುದು ಬಿಡಬೇಕು. ದೀರ್ಘಕಾಲ ಪೂರ್ತಿ ದ್ರವಾಹಾರಕ್ಕೆ ಇಳಿದು ದವಡೆಯನ್ನು ಸುಮ್ಮನಿರಿಸುವುದೂ ತಪ್ಪು. ಆಡದ ಕೀಲು ಇನ್ನಷ್ಟು ಬಿಗಿಯುತ್ತದೆ. ನೋವಿಲ್ಲದ ಮಿತಿಯಲ್ಲಿ, ಕನ್ನಡಿ ಮುಂದೆ, ನಾಲಿಗೆಯನ್ನು ಅಂಗುಳಿಗೆ ತಾಗಿಸಿಕೊಂಡೇ ಬಾಯಿಯನ್ನು ನೇರವಾಗಿ ತೆರೆದು ಮುಚ್ಚುವುದನ್ನು ದಿನಕ್ಕೆ ಕೆಲವು ಬಾರಿ ಮಾಡಬೇಕು.

ನೋವು ಮೂರು ತಿಂಗಳು ದಾಟಿದರೆ ಅದನ್ನು ದೀರ್ಘಕಾಲದ್ದೆಂದು ಎಣಿಸುತ್ತಾರೆ. 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗಸೂಚಿ ಇಂಥವರಿಗೆ ಫಿಸಿಯೊಥೆರಪಿಸ್ಟರ ನೆರವಿನ ದವಡೆ ಚಲನೆ, ಮೇಲ್ವಿಚಾರಣೆಯ ವ್ಯಾಯಾಮ, ಸ್ನಾಯುವಿನ ನೋವುಬಿಂದುಗಳ ಮೇಲೆ ಕೈಯೊತ್ತಡ, ಅರಿವು-ವರ್ತನೆಯ ಆಪ್ತಸಲಹೆ ಇವನ್ನು ಬಲವಾಗಿ ಶಿಫಾರಸು ಮಾಡಿತು. ಬೊಟಾಕ್ಸ್ ಚುಚ್ಚುಮದ್ದನ್ನು, ಸಾಮಾನ್ಯವಾಗಿ ಬರೆದುಕೊಡುವ ಹಲವು ಮಾತ್ರೆಗಳನ್ನು ವಾಡಿಕೆಯಾಗಿ ಬಳಸದಿರುವುದೇ ಲೇಸು ಎಂದಿತು. ಐಬುಪ್ರೊಫೆನ್‌ನಂಥ ನೋವುಮಾತ್ರೆ ಹೊಸ ನೋವಿಗೆ ಕೆಲವು ದಿನ ಸಾಕು; ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ನೈಟ್ ಗಾರ್ಡ್ ಕುರಿತು ಜನರಲ್ಲಿರುವ ನಿರೀಕ್ಷೆ ಅದರ ಕೆಲಸಕ್ಕಿಂತ ದೊಡ್ಡದು. ಹಲ್ಲಿನ ಅಚ್ಚು ತೆಗೆದು ಗಟ್ಟಿ ಅಕ್ರಿಲಿಕ್‌ನಲ್ಲಿ, ಒಂದು ದವಡೆಯ ಎಲ್ಲ ಹಲ್ಲುಗಳನ್ನೂ ಮುಚ್ಚುವಂತೆ, ಎರಡು ಮೂರು ಮಿಲಿಮೀಟರ್ ದಪ್ಪಕ್ಕೆ ಮಾಡಿದ ತಟ್ಟೆ ಹಲ್ಲು ಸವೆಯುವುದನ್ನು, ಒಡೆಯುವುದನ್ನು ತಡೆಯುತ್ತದೆ. ಕಡಿಯುವುದನ್ನೇ ಅದು ನಿಲ್ಲಿಸುವುದಿಲ್ಲ. ನೋವು ತಗ್ಗುವುದು ಕೆಲವರಿಗೆ ಮಾತ್ರ. ಬಿಸಿನೀರಿನಲ್ಲಿ ಮೆದು ಮಾಡಿ ಕಚ್ಚಿ ಆಕಾರ ಕೊಡುವ ಅಂಗಡಿಯ ಗಾರ್ಡನ್ನು ಕೆಲವರು ನಿದ್ದೆಯಲ್ಲಿ ಇನ್ನಷ್ಟು ಅಗಿಯುತ್ತಾರೆ. ಮುಂದಿನ ಹಲ್ಲುಗಳನ್ನಷ್ಟೇ ಮುಚ್ಚುವ ತುಂಡುತಟ್ಟೆಯನ್ನು ವೈದ್ಯರ ಕಣ್ಗಾವಲಿಲ್ಲದೆ ತಿಂಗಳುಗಟ್ಟಲೆ ಹಾಕಿಕೊಂಡರೆ ಉಳಿದ ಹಲ್ಲು ಬೆಳೆದು ಕಚ್ಚುವಿಕೆಯೇ ಕೆಡಬಹುದು.

ಕೀಲು ಸಿಕ್ಕಿಕೊಂಡು ಬಿಡದಿದ್ದರೆ ಎರಡು ಸೂಜಿಗಳ ಮೂಲಕ ಲವಣದ್ರಾವಣ ಹರಿಸಿ ಕೀಲಿನೊಳಗನ್ನು ತೊಳೆಯುವ ವಿಧಾನವಿದೆ. 1991ರಲ್ಲಿ ವರದಿಯಾದ ಇದು ತೆರೆದ ಶಸ್ತ್ರಚಿಕಿತ್ಸೆಗಿಂತ ಎಷ್ಟೋ ಹಗುರ. ಇಡೀ ಕೀಲನ್ನೇ ಬದಲಿಸುವುದು ಮೂಳೆ ಬೆಸೆದುಹೋದವರಿಗೆ, ಗೆಡ್ಡೆ ಅಥವಾ ತೀವ್ರ ಸಂಧಿವಾತದಿಂದ ಕೀಲು ಹಾಳಾದವರಿಗೆ. ಬಾಲ್ಯದಲ್ಲಿ ಗದ್ದಕ್ಕೆ ಪೆಟ್ಟು ಬಿದ್ದು ಚಿಕಿತ್ಸೆ ಸಿಗದೆ ಕೀಲು ಬೆಸೆದು, ಗದ್ದ ಬೆಳೆಯದೆ, ಬಾಯಿ ತೆರೆಯದೆ ಇರುವ ಮಕ್ಕಳನ್ನು ನಮ್ಮ ಆಸ್ಪತ್ರೆಗಳು ಇಂದಿಗೂ ನೋಡುತ್ತವೆ. ಅವರಿಗೆ ಶಸ್ತ್ರಚಿಕಿತ್ಸೆ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಆಟವಾಡುವಾಗ ಗದ್ದ ಊರಿ ಬಿದ್ದ ಮಗುವಿಗೆ ಗದ್ದದ ಗಾಯಕ್ಕೆ ಹೊಲಿಗೆ ಹಾಕಿಸಿ ಸುಮ್ಮನಾಗಬಾರದು. ಕಿವಿಯ ಮುಂದೆ ಮೂಳೆ ಮುರಿದಿದೆಯೇ ಎಂದು ನೋಡಿಸಿ, ಬಾಯಿ ಆಡಿಸುವ ವ್ಯಾಯಾಮವನ್ನು ವೈದ್ಯರು ಹೇಳಿದಷ್ಟು ದಿನ ಬಿಡದೆ ಮಾಡಿಸಬೇಕು.

ಯಾರಿಗೆ ತೋರಿಸಬೇಕೆಂದು ತಿಳಿಯದೆ ಅಲೆಯುವವರು ದಂತ ಕಾಲೇಜಿನ ಆಸ್ಪತ್ರೆಯ ಓರಲ್ ಮೆಡಿಸಿನ್ ವಿಭಾಗಕ್ಕೆ ಮೊದಲು ಹೋಗಬಹುದು. ಬೆಂಗಳೂರಿನ ಸರ್ಕಾರಿ ದಂತ ಕಾಲೇಜೂ ಸೇರಿ ರಾಜ್ಯದ ದಂತ ಕಾಲೇಜುಗಳಲ್ಲಿ ಈ ವಿಭಾಗವಿದೆ. ಪರೀಕ್ಷೆ ಮಾಡಿ, ನೋವು ಹಲ್ಲಿನದೋ ಸ್ನಾಯುವಿನದೋ ಕೀಲಿನದೋ ಎಂದು ಬಿಡಿಸಿ ಹೇಳಿ, ಬೇಕಾದರೆ ಮಾತ್ರ ಶಸ್ತ್ರವೈದ್ಯರ ಬಳಿಗೆ, ಫಿಸಿಯೊಥೆರಪಿಗೆ, ನಿದ್ರಾ ಪರೀಕ್ಷೆಗೆ ಕಳಿಸುವುದು ಅವರ ಕೆಲಸ. ಹೋಗುವಾಗ ನೋವು ಶುರುವಾದ ಸಮಯ, ದಿನದ ಯಾವ ಹೊತ್ತಿನಲ್ಲಿ ಹೆಚ್ಚು, ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ಅಡಿಕೆ-ತಂಬಾಕಿನ ಅಭ್ಯಾಸ ಇವನ್ನು ಬರೆದುಕೊಂಡು ಹೋಗಬೇಕು. ರಾತ್ರಿ ಹಲ್ಲು ಕಡಿಯುವ ಸದ್ದನ್ನು ಕೇಳಿದವರು ಮನೆಯಲ್ಲಿದ್ದರೆ ಅವರನ್ನೂ ಜೊತೆಗೆ ಕರೆದೊಯ್ಯುವುದು ಒಳ್ಳೆಯದು.